ಕೆಂಪೆಣ್ಣೆ

ಮೋಟಾರು ಕಾರಿನ ಹೊಟ್ಟೆಯಲ್ಲಿ ಎಷ್ಟು ಬಗೆಯ ಎಣ್ಣೆಗಳಿರುತ್ತವೆಯೆಂಬುದು ಅದರ ಒಡೆಯನಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಇಂಜಿನ್ನಿನ ಎಣ್ಣೆಯನ್ನು ಎಲ್ಲರೂ ಬಲ್ಲರು. ವರ್ಷಕ್ಕೊಮ್ಮೆ ವರ್ಕ್‌ಷಾಪಿನವರು ಬಿಲ್ಲಿನ ಮೊದಲ ಸಾಲಿನಲ್ಲಿಯೇ ಅದನ್ನು ನಮೂದಿಸಿ ಹಣ ಪಡೆಯುವುದರಿಂದ ಅದರ ಪರಿಚಯ ಆಗದೆ ವಿಧಿಯಿಲ್ಲ. ಬ್ರೇಕಿಗೂ ಒಂದು ದ್ರವವುಂಟೆಂಬುದು ಬ್ರೇಕು ಹಿಡಿಯದೆ ಹೋದ ದಿನ ತಿಳಿಯುತ್ತದೆ. ಆದರೆ ತಾನಾಗಿಯೇ ಗೇರು ಬದಲಾಯಿಸಿಕೊಳ್ಳುವ ಕಾರುಗಳಲ್ಲಿ, ಎಂದರೆ ಎಡಗಾಲಿಗೆ ಕೆಲಸವಿಲ್ಲದ ‘ಆಟೊಮ್ಯಾಟಿಕ್’ ಕಾರುಗಳಲ್ಲಿ, ಇನ್ನೂ ಒಂದು ಎಣ್ಣೆಯಿದೆ. ಹೊಸದರಲ್ಲಿ ಅದು ದಾಳಿಂಬೆಯ ರಸದಂತೆ ಕೆಂಪಗೆ ತಿಳಿಯಾಗಿರುತ್ತದೆ. ಈ ಕೆಂಪು ಅದರ ಹುಟ್ಟುಬಣ್ಣವಲ್ಲ; ನೆಲದ ಮೇಲೆ ತೊಟ್ಟಿಕ್ಕಿದಾಗ ಇದು ಇಂಜಿನ್ನಿನದಲ್ಲ, ಗೇರಿನದು ಎಂದು ಗುರುತು ಹತ್ತಲೆಂದು ಬೆರೆಸಿದ ಬಣ್ಣ. ಕಾರು ಹುಟ್ಟಿದ ದಿನ ತುಂಬಿದ ಈ ಕೆಂಪೆಣ್ಣೆಯನ್ನು ಅದು ಗುಜರಿಗೆ ಹೋಗುವ ತನಕ ಯಾರೂ ವಿಚಾರಿಸದೆ ಇರುವುದೇ ಹೆಚ್ಚು.

‘ಗೇರು’ ಎಂದೊಡನೆ ಕನ್ನಡಿಗನಿಗೆ ಮೊದಲು ನೆನಪಾಗಬೇಕಾದುದು ಕರಾವಳಿಯ ಗೇರುಮರ, ಅದರ ಹಣ್ಣು, ಹಣ್ಣಿನ ಕೆಳಗೆ ಜೋತುಬಿದ್ದ ಬೀಜ. ಇಂಗ್ಲಿಷಿನಿಂದ ಬಂದ ಹಲ್ಲುಚಕ್ರದ ಗೇರು ಈ ಗೇರನ್ನು ಪೇಟೆಗಳಿಂದ ಓಡಿಸಿ, ಅಲ್ಲಿ ಗೋಡಂಬಿಯೆಂಬ ಹೆಸರೊಂದನ್ನೇ ಉಳಿಸಿದೆ. ‘ಟ್ರಾನ್ಸ್‌ಮಿಷನ್’ ಎಂಬುದಕ್ಕೆ ಪಂಡಿತರು ಕೊಟ್ಟ ‘ಪ್ರಸರಣ’ವಾದರೋ ಆಕಾಶವಾಣಿಯ ಪಾಲಾಯಿತು. ಹೀಗಾಗಿ ಎಂಥ ಭಾಷಾಭಿಮಾನಿಯಾದರೂ ಮೇಸ್ತ್ರಿಯ ಮುಂದೆ ನಿಂತಾಗ ‘ಗೇರ್‌ಬಾಕ್ಸು’ ಎಂದೇ ಬಾಯಿಬಿಡಬೇಕು. ಅದಿರಲಿ. ಈ ಯಂತ್ರದ ಮರ್ಮವನ್ನು ತಿಳಿಯಲು ಗೋಡಂಬಿಯೇ ನೆರವಾಗುತ್ತದೆ. ಪಾತ್ರೆಯ ತುಂಬ ಪಾಯಸವಿದೆ. ಸೌಟನ್ನು ಅದರಲ್ಲಿಟ್ಟು ಸುತ್ತ ತಿರುಗಿಸಿದರೆ ಸೌಟು ಮುಟ್ಟದ ಗೋಡಂಬಿಗಳೂ ದ್ರಾಕ್ಷಿಗಳೂ ಪಾಯಸದೊಡನೆ ಗಿರ್ರನೆ ತಿರುಗತೊಡಗುತ್ತವೆ. ಸೌಟಿಗೂ ಗೋಡಂಬಿಗೂ ನೇರ ಸಂಬಂಧವಿಲ್ಲ, ನಡುವೆ ಇರುವುದು ಪಾಯಸ ಮಾತ್ರ. ಆಟೊಮ್ಯಾಟಿಕ್ ಕಾರಿನಲ್ಲಿ ಇಂಜಿನ್ನು ಒಂದು ರೆಕ್ಕೆಯ ಚಕ್ರವನ್ನು ಎಣ್ಣೆಯೊಳಗೆ ತಿರುಗಿಸುತ್ತದೆ. ಎಣ್ಣೆಯ ಸುಳಿ ಎದುರಿಗಿರುವ ಇನ್ನೊಂದು ರೆಕ್ಕೆಯ ಚಕ್ರವನ್ನು ತಿರುಗಿಸುತ್ತದೆ. ಅದರಿಂದ ಗಾಡಿ ಮುಂದೆ ಹೋಗುತ್ತದೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತರೂ ಇಂಜಿನ್ನು ನಿಲ್ಲದಿರುವುದು ಈ ಉಪಾಯದಿಂದಲೇ. ಇದಕ್ಕೆ ‘ಟಾರ್ಕ್ ಕನ್ವರ್ಟರ್’ ಎಂದು ಹೆಸರು.

ಎಣ್ಣೆಯ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಒಂದನೆಯ ಗೇರಿನಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ ಹೋಗಲು ಒಳಗೆ ಹಲವು ಕ್ಲಚ್ಚುಗಳಿವೆ. ಅವುಗಳ ಬಿಲ್ಲೆಗಳನ್ನು ಒತ್ತಿ ಹಿಡಿಯುವುದು ಎಣ್ಣೆಯ ಒತ್ತಡ. ಹಲ್ಲುಚಕ್ರಗಳಿಗೆ ಜಾರಿಕೆ ಕೊಡುವುದೂ ಅದೇ, ಹುಟ್ಟಿದ ಬಿಸಿಯನ್ನು ಹೊತ್ತುಕೊಂಡು ಹೋಗಿ ತಣಿಸಿಕೊಂಡು ಬರುವುದೂ ಅದೇ. ಹಲ್ಲುಚಕ್ರದ ನಡುವೆ ಜಾರಬೇಕು, ಕ್ಲಚ್ಚಿನ ಬಿಲ್ಲೆಗಳ ನಡುವೆ ಹಿಡಿಯಬೇಕು. ಒಂದೇ ಮನೆಯಲ್ಲಿ ಅತ್ತೆಗೂ ಸೊಸೆಗೂ ಸಮನಾಗಿ ಬೇಕಾದವರಂತೆ ಬಾಳುವ ಈ ಎಣ್ಣೆಯ ಪಾಡು ಸಾಮಾನ್ಯವಾದುದಲ್ಲ.

ಇದರ ಮೂಲವನ್ನು ಹುಡುಕಿಕೊಂಡು ಹೋದರೆ ರಸ್ತೆ ಮುಗಿದು ಕಡಲು ಸಿಕ್ಕುತ್ತದೆ. ಹೆರ್ಮಾನ್ ಫ್ಯೋಟಿಂಗರ್ ಎಂಬ ಜರ್ಮನ್ ಇಂಜಿನಿಯರು ೧೯೦೫ರಲ್ಲಿ ದ್ರವದ ಮೂಲಕ ಬಲವನ್ನು ಸಾಗಿಸುವ ಸಾಧನಕ್ಕೆ ಪೇಟೆಂಟು ಪಡೆದುದು ಹಡಗುಗಳಿಗಾಗಿ. ವೇಗವಾಗಿ ತಿರುಗುವ ಉಗಿಯ ಟರ್ಬೈನಿಗೂ ನಿಧಾನವಾಗಿ ತಿರುಗಬೇಕಾದ ಹಡಗಿನ ಪಂಖಕ್ಕೂ ಸಂಧಾನ ಮಾಡಿಸುವುದು ಅವನ ಉದ್ದೇಶವಾಗಿತ್ತು. ಮನೆಮಂದಿಯ ಕಾರಿಗೆ ಪೂರ್ತಿಯಾಗಿ ತಾನಾಗಿಯೇ ನಡೆಯುವ ಗೇರ್‌ಬಾಕ್ಸನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾರಿದುದು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ. ೧೯೩೯ರಲ್ಲಿ ಹೊರಬಿದ್ದ ಅದರ ಓಲ್ಡ್ಸ್‌ಮೊಬೀಲ್ ಕಾರಿನ ‘ಹೈಡ್ರಮ್ಯಾಟಿಕ್’ ಎರಡನೆಯ ಮಹಾಯುದ್ಧದಲ್ಲಿ ಹಗುರವಾದ ಟ್ಯಾಂಕುಗಳಲ್ಲಿಯೂ ಕುಳಿತು ದುಡಿಯಿತು. ೧೯೪೯ರಲ್ಲಿ ಇಂಥ ಎಣ್ಣೆಗೆಂದೇ ಒಂದು ಪ್ರಮಾಣವನ್ನು ಆ ಕಂಪನಿ ಗೊತ್ತುಮಾಡಿತು. ೧೯೬೭ರಲ್ಲಿ ‘ಡೆಕ್ಸ್ರಾನ್’ ಬಂತು. ಆ ಕಾಲದ ಕೆಂಪೆಣ್ಣೆಯಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರೆಂದರೆ ಇಂದಿನವರು ಬೆರಗಾಗಬಹುದು. ಕ್ಲಚ್ಚು ಕಿರುಗುಟ್ಟದೆ ನಯವಾಗಿ ಹಿಡಿಯಲು ಅದಕ್ಕೆ ಸಮನಾದುದು ಬೇರೊಂದಿರಲಿಲ್ಲ. ಕಡಲಿನಾಳದಲ್ಲಿ ಈಜುತ್ತಿದ್ದ ಮಹಾಪ್ರಾಣಿ, ಯಾವನೋ ಗೃಹಸ್ಥ ಎಡಗಾಲು ಚಾಚಿಕೊಂಡು ಆಫೀಸಿಗೆ ಹೋಗಲೆಂದು ಪ್ರಾಣ ಬಿಡುತ್ತಿತ್ತು. ೧೯೭೦ರ ದಶಕದ ಆರಂಭದಲ್ಲಿ ಅಮೆರಿಕ ಆ ಎಣ್ಣೆಯನ್ನು ನಿಷೇಧಿಸಿದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿಗಾಗಿ ಪರದಾಡಿದರು. ಮರುಭೂಮಿಯ ಹೊಹೋಬ ಗಿಡದ ಬೀಜದ ಎಣ್ಣೆಗೆ ಬೆಲೆ ಬಂದುದು ಆಗಲೇ.

ಯಾವ ಎಣ್ಣೆಯೇ ಆಗಲಿ, ಅದಕ್ಕೆ ಮೃತ್ಯು ಬಿಸಿ. ಬಜ್ಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದೆಂದು ಅರಿತ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುಮಾರು ೮೦ ಡಿಗ್ರಿ ಸೆಲ್ಸಿಯಸ್ ಬಿಸಿಯವರೆಗೆ ಕೆಂಪೆಣ್ಣೆ ಬಹುಕಾಲ ಬಾಳುತ್ತದೆ. ಅಲ್ಲಿಂದ ಮೇಲಕ್ಕೆ ಹತ್ತು ಹನ್ನೊಂದು ಡಿಗ್ರಿ ಏರಿದಾಗಲೆಲ್ಲ ಅದರ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ಈ ವೃತ್ತಿಯವರ ಸ್ಥೂಲವಾದ ಲೆಕ್ಕ. ಸಂತೆಯಂಥ ರಸ್ತೆಯಲ್ಲಿ ನಿಂತು ನಿಂತು ಹೋಗುವ ಗಾಡಿ, ಬೆಟ್ಟ ಹತ್ತುವ ಗಾಡಿ, ಬೇಸಿಗೆಯಲ್ಲಿ ಏ.ಸಿ. ಹಾಕಿಕೊಂಡು ಓಡುವ ಗಾಡಿ ಇವುಗಳ ಎಣ್ಣೆ ಬೇಗ ಮುಪ್ಪಾಗುತ್ತದೆ. ಕೆಂಪು ಕಂದಾಗಿ, ಕಂದು ಕಪ್ಪಾಗಿ, ಕೊನೆಗೆ ಸುಟ್ಟ ವಾಸನೆ ಬರುತ್ತದೆ. ‘ಇದು ಗಾಡಿಯ ಜೀವಮಾನಕ್ಕೆ ಸಾಕು, ಬದಲಾಯಿಸಬೇಕಾಗಿಲ್ಲ’ ಎಂದು ಕೆಲವು ಕಂಪನಿಗಳು ಪುಸ್ತಕದಲ್ಲಿ ಅಚ್ಚು ಹಾಕಿಸುವುದುಂಟು. ಗಾಡಿಯ ಜೀವಮಾನವೆಂದರೆ ಎಷ್ಟು ವರ್ಷವೆಂದು ಮಾತ್ರ ಆ ಪುಸ್ತಕ ಹೇಳುವುದಿಲ್ಲ. ಕಂಪನಿಯವರ ಜ್ಯೋತಿಷ್ಯಕ್ಕೂ ಮಧ್ಯಮವರ್ಗದ ಸಂಸಾರದ ಜ್ಯೋತಿಷ್ಯಕ್ಕೂ ತಾಳೆಯಾಗುವುದು ಕಷ್ಟ.

ಮೈಸೂರಿನ ಸರಸ್ವತೀಪುರಂ ಕಡೆಯ ರಾಯರ ಮನೆಯಲ್ಲಿ ಎದ್ದ ಪ್ರಶ್ನೆ ಈ ಜ್ಯೋತಿಷ್ಯಕ್ಕೆ ಸಂಬಂಧಿಸಿದುದು. ರಾಯರು ಬ್ಯಾಂಕಿನಿಂದ ೨೦೧೧ರಲ್ಲಿ ನಿವೃತ್ತರಾದವರು, ಈಗ ಎಪ್ಪತ್ತನಾಲ್ಕರ ಹಿರಿಯರು. ಮೂರನೆಯ ವಯಸ್ಸಿನಲ್ಲಿ, ೧೯೫೪ರಲ್ಲಿ, ಒಂದು ವಾರದ ಜ್ವರ ಅವರ ಎಡಗಾಲಿನ ಶಕ್ತಿಯನ್ನು ಕಸಿದುಕೊಂಡು ಹೋಯಿತು. ಸಾಲ್ಕ್ ಮಹಾಶಯನ ಪೋಲಿಯೊ ಲಸಿಕೆ ಅಮೆರಿಕದಲ್ಲೇ ಜನರಿಗೆ ದೊರೆತುದು ಅದರ ಮರುವರ್ಷ. ಕಾಲೇಜಿಗೆ ಅವರು ಹೋದುದು ಅಣ್ಣನ ಸೈಕಲ್ಲಿನ ಹಿಂದೆ. ಬ್ಯಾಂಕಿಗೆ ಹೋದುದು ಪಕ್ಕಕ್ಕೆ ಎರಡು ಸಣ್ಣ ಚಕ್ರ ಕಟ್ಟಿಸಿದ ಸ್ಕೂಟರಿನ ಮೇಲೆ. ಮಳೆ ಬಂದರೆ ರಾಯರು ನೆನೆಯುತ್ತಿದ್ದರು, ಹೆಂಡತಿ ಮಕ್ಕಳು ಆಟೋದಲ್ಲಿ ಹಿಂದೆ ಬರುತ್ತಿದ್ದರು. ಇಡೀ ಸಂಸಾರ ಒಂದೇ ವಾಹನದಲ್ಲಿ, ಅದೂ ಯಜಮಾನನೇ ನಡೆಸುವ ವಾಹನದಲ್ಲಿ ಕೂತು ಹೋಗುವುದು ಆ ಮನೆಗೆ ಸಾಧ್ಯವಾದುದು ೨೦೦೩ರಲ್ಲಿ, ರಾಯರಿಗೆ ಐವತ್ತೆರಡು ತುಂಬಿದಾಗ. ಇಂದು ಬೀದಿಗೊಂದು ಆಟೊಮ್ಯಾಟಿಕ್ ಇದೆ. ೨೦೧೪ರಲ್ಲಿ ಅಗ್ಗದ ಬಗೆಯದು ಬಂದ ಮೇಲಂತೂ ಕೇಳುವ ಹಾಗೆಯೇ ಇಲ್ಲ. ಆಗ ಹಾಗಿರಲಿಲ್ಲ. ‘ಇದು ಕಾಲಿಲ್ಲದವರ ಕಾರು, ಮುಂದೆ ಮಾರಿದರೆ ಬೆಲೆ ಬರೋಲ್ಲ’ ಎಂದು ಬಂಧುವೊಬ್ಬರು ಎದುರಿಗೇ ಹೇಳಿದ್ದರು. ‘ಮಾರೋದಕ್ಕೆ ಯಾರು ತಗೋತಿದಾರೆ?’ ಎಂದು ಉತ್ತರ ಕೊಟ್ಟವರು ರಾಯರಲ್ಲ, ಅವರ ಪತ್ನಿ.

ನಳ ಮಹಾರಾಜನಿಗೆ ಅಶ್ವಹೃದಯವೆಂಬ ವಿದ್ಯೆ ತಿಳಿದಿತ್ತೆಂದು ಕಾವ್ಯಗಳು ಹೇಳುತ್ತವೆ. ಕುರೂಪನಾಗಿ, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಲಾಯದಲ್ಲಿ ಸೇರಿಕೊಂಡಾಗಲೂ ಆ ವಿದ್ಯೆಯೊಂದು ಅವನನ್ನು ಬಿಟ್ಟು ಹೋಗಲಿಲ್ಲ. ರಾಯರಿಗೂ ತಮ್ಮ ಗಾಡಿಯ ಹೃದಯ ಅಷ್ಟೇ ಚೆನ್ನಾಗಿ ತಿಳಿದಿತ್ತು. ಆದುದರಿಂದಲೇ, ಬೆಳಿಗ್ಗೆ ಗೇರಿನ ಹಿಡಿಯನ್ನು ‘ಡಿ’ಗೆ ತಂದ ಮೇಲೆ ಒಂದೆರಡು ಕ್ಷಣ ಏನೂ ಆಗದೆ, ಆಮೇಲೆ ಯಾರೋ ಹಿಂದಿನಿಂದ ನೂಕಿದಂತೆ ಗಾಡಿ ಜಗ್ಗುವುದನ್ನು ಮೊದಲು ಗಮನಿಸಿದವರು ಅವರೇ. ಹೆಂಡತಿಗೆ ಹೇಳಲಿಲ್ಲ. ಹದಿನೈದು ದಿನ ಕಳೆದ ಮೇಲೆ ಆಕೆಯೇ, “ಅಲ್ಲಾಂದ್ರೆ, ಗಾಡಿ ಯಾಕೆ ಹೊರಡೋವಾಗ ಬಿಕ್ಕಳಿಸುತ್ತೆ?” ಎಂದು ಕೇಳಿದರು. ಗುಟ್ಟು ರಟ್ಟಾಯಿತು.

ಊರಿನ ಒಂದು ದೊಡ್ಡ ವರ್ಕ್‌ಷಾಪಿಗೆ ಗಾಡಿ ಹೋಯಿತು. ಗಾಜಿನ ಕೋಣೆಯಲ್ಲಿ ಕೂತಿದ್ದ ಕಂಠಕೌಪೀನದ ಯುವಕ ಗಾಡಿಯ ವಯಸ್ಸು ಕೇಳಿದ, ಓಡಿದ ದೂರ ಕೇಳಿದ: ಎಂಬತ್ತೆಂಟು ಸಾವಿರ ಕಿಲೋಮೀಟರು. ಎಣ್ಣೆಯ ಕಡ್ಡಿಯನ್ನು ಯಾರೂ ಎಳೆದು ನೋಡಲಿಲ್ಲ. “ಇಷ್ಟು ಹಳೇದಕ್ಕೆ ಗೇರ್ ಆಯಿಲ್ ಮುಟ್ಟೋದಿಲ್ಲ ಸಾರ್. ಮುಟ್ಟಿದ್ರೆ ಗೇರ್‌ಬಾಕ್ಸ್ ಹೋಗುತ್ತೆ. ಹೋದ್ರೆ ಒಂದೂವರೆ ಲಕ್ಷ ಆಗುತ್ತೆ, ಗಾಡಿಗೆ ಎಪ್ಪತ್ತು ಸಾವಿರಾನೂ ಬರೋಲ್ಲ. ಎಕ್ಸ್‌ಚೇಂಜಿಗೆ ಕೊಟ್ಬಿಡಿ” ಎಂದ. ಹೊಸ ಗಾಡಿಗಳ ಬಣ್ಣದ ಹಾಳೆಗಳನ್ನೂ ಕೊಟ್ಟ. ಅಮೆರಿಕದ ಸಿಯಾಟಲ್‌ನಲ್ಲಿರುವ ಮಗನ ಅಭಿಪ್ರಾಯವೂ ಇದೇ ಆಗಿತ್ತು, ಅವನು ಒಂದು ಹೆಜ್ಜೆ ಮುಂದೆ ಹೋಗಿ, “ಅಪ್ಪ, ಹೊಸದೂ ಬೇಡ. ಈ ವಯಸ್ಸಿನಲ್ಲಿ ಡ್ರೈವಿಂಗ್ ಯಾಕೆ? ಫೋನ್ ಒತ್ತಿದ್ರೆ ಟ್ಯಾಕ್ಸಿ ಬರುತ್ತೆ” ಎಂದ. ಮಗನ ಮಾತಿನಲ್ಲಿ ಪ್ರೀತಿಯೇ ಇತ್ತು. ಫೋನ್ ಒತ್ತಿದರೆ ಟ್ಯಾಕ್ಸಿ ಬರುವುದೂ ನಿಜ. ಆದರೆ ಗೇಟಿನ ಹೊರಗೆ ಊರುಗೋಲು ಹಿಡಿದು ನಿಂತು ಬರುವವನ ದಾರಿ ಕಾಯುವುದಕ್ಕೂ, ಬಾಗಿಲು ತೆಗೆದು ತನ್ನ ಕುರ್ಚಿಯಲ್ಲಿ ಕೂತು ಊರುಗೋಲನ್ನು ಹಿಂದಕ್ಕೆ ಎಸೆಯುವುದಕ್ಕೂ ಇರುವ ಅಂತರ ಫೋನಿನಲ್ಲಿ ಕೇಳಿಸುವಂಥದಲ್ಲ. ಗಾಡಿ ಕೆಟ್ಟು ನಿಂತರೆ ರಾಯರು ಮತ್ತೆ ಚಕ್ರ ಹಿಡಿಯುವುದಿಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಮಾತ್ರ ಯಾರೂ ಹೇಳಲಿಲ್ಲ.

ವರ್ಕ್‌ಷಾಪಿನ ಯುವಕನ ಮಾತು ಅವನ ಸ್ವಂತದ್ದಲ್ಲ. ಹಳೆಯ ಗೇರ್‌ಬಾಕ್ಸಿನ ಹಳೆಯ ಎಣ್ಣೆಯನ್ನು ಕೆಣಕಬಾರದೆಂಬ ನಂಬಿಕೆ ಲೋಕದ ಎಲ್ಲ ಗ್ಯಾರೇಜುಗಳಲ್ಲಿಯೂ ಇದೆ. ಅದಕ್ಕೆ ಕೊಡುವ ಕಾರಣವೂ ತೆಗೆದುಹಾಕುವಂಥದಲ್ಲ. ಕ್ಲಚ್ಚಿನ ಬಿಲ್ಲೆಗಳ ಮೇಲಿನ ಕಾಗದದಂಥ ಪದರ ವರ್ಷಗಟ್ಟಲೆ ಸವೆದು ಪುಡಿಯಾಗಿ ಎಣ್ಣೆಯಲ್ಲಿ ತೇಲುತ್ತಿರುತ್ತದೆ; ಸವೆದ ಬಿಲ್ಲೆಗೆ ಆ ಪುಡಿಯೇ ಒಂದಿಷ್ಟು ಹಿಡಿತ ಕೊಡುತ್ತದೆ; ಹೊಸ ಎಣ್ಣೆ ಹಾಕಿದರೆ ಪುಡಿಯೂ ಹೋಯಿತು, ಹಿಡಿತವೂ ಹೋಯಿತು. ಅಷ್ಟೇ ಅಲ್ಲ, ಹೊಸ ಎಣ್ಣೆಯಲ್ಲಿ ಕೊಳೆ ಬಿಡಿಸುವ ಗುಣವಿದೆ. ಮೂಲೆಯಲ್ಲಿ ಅಂಟಿದ್ದ ಜಿಡ್ಡನ್ನು ಎಬ್ಬಿಸಿ ತಂದು ಸೂಜಿಮೊನೆಯಂಥ ದಾರಿಗಳಲ್ಲಿ ಸಿಕ್ಕಿಸಿಬಿಡಬಹುದು. ತೊಂಬತ್ತರ ಅಜ್ಜನಿಗೆ ಒಂದೇ ದಿನ ಎಣ್ಣೆಸ್ನಾನ ಮಾಡಿಸಿ, ಹೊಸ ಹಲ್ಲು ಕಟ್ಟಿಸಿ, ಊರು ಸುತ್ತಲು ಕಳಿಸಿದರೆ ಆಗುವ ಗತಿಯೇ ಗಾಡಿಗೂ ಆಗುತ್ತದೆಂದು ಇದರ ತಾತ್ಪರ್ಯ.

ಆದರೆ ಇದರಲ್ಲಿ ಒಂದು ತರ್ಕದೋಷವಿದೆ. ಗಾಡಿ ನೆಟ್ಟಗೆ ಓಡುವಷ್ಟು ಕಾಲ ಕೆಂಪೆಣ್ಣೆಯನ್ನು ಯಾರೂ ನೆನೆಯುವುದಿಲ್ಲ. ಜಾರಲು ಮೊದಲಾದ ಮೇಲೆ ಓಡಿಬಂದು ಬದಲಾಯಿಸುತ್ತಾರೆ. ಒಳಗಿನ ಬಿಲ್ಲೆ ಆಗಲೇ ಸುಟ್ಟಿರುತ್ತದೆ. ವಾರದೊಳಗೆ ಗಾಡಿ ನಿಂತರೆ ಅಪವಾದ ಹೊಸ ಎಣ್ಣೆಯ ತಲೆಗೆ. ಕೊನೆಯ ಗಳಿಗೆಯಲ್ಲಿ ಕರೆಸಿದ ವೈದ್ಯನ ಕೈಗುಣವನ್ನು ಊರವರು ಹಳಿಯುವುದೂ ಹೀಗೆಯೇ. ನೂರು ಗಾಡಿಗಳಲ್ಲಿ ಎಣ್ಣೆಯಿಂದ ಕೆಟ್ಟವು ಎಷ್ಟು, ಎಣ್ಣೆ ತಡವಾದುದರಿಂದ ಕೆಟ್ಟವು ಎಷ್ಟು ಎಂದು ಬಿಡಿಸಿ ನೋಡುವ ತಾಳ್ಮೆ ಗ್ಯಾರೇಜಿನಲ್ಲಿ ಯಾರಿಗಿದೆ?

ಈ ತಾಳ್ಮೆಯಿದ್ದ ಒಬ್ಬ ಮೇಸ್ತ್ರಿ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಸಿಕ್ಕಿದರು. ಎಲ್ಲರೂ ಅವರನ್ನು ಕರೆಯುವುದು ಭಾಯಿ ಎಂದು. ರಾಯರೂ ಹಾಗೆಯೇ ಕರೆದರು. ಭಾಯಿ ಮೊದಲು ಮಾತಾಡಲಿಲ್ಲ. ಗಾಡಿಯನ್ನು ಬಿಸಿ ಮಾಡಿಸಿ, ಎಣ್ಣೆಯ ಕಡ್ಡಿಯನ್ನೆಳೆದು, ತುದಿಯನ್ನು ಮೂಗಿನ ಹತ್ತಿರ ಹಿಡಿದು, ಅಂಗಡಿಯ ಬಿಲ್ ಪುಸ್ತಕದಿಂದ ಒಂದು ಬಿಳಿಯ ಹಾಳೆ ಹರಿದು ಅದರ ಮೇಲೆ ಒಂದು ತೊಟ್ಟು ಬಿಟ್ಟರು. ತೊಟ್ಟು ನಿಧಾನವಾಗಿ ಹರಡಿತು: ನಡುವೆ ಕಪ್ಪು, ಅಂಚಿನಲ್ಲಿ ಕಂದು, ಅಂಚಿನ ಆಚೆ ತೆಳುವಾಗಿ ಒಂದು ಕೆಂಪು ಗೆರೆ. “ಯಾವಾಗ ಬದಲಾಯಿಸಿದ್ರಿ ಸಾರ್?” ಎಂದರು. ರಾಯರು ತಡವರಿಸಿದರು. ಅವರ ಪತ್ನಿ ಕೈಚೀಲದಿಂದ ಮನೆಖರ್ಚಿನ ಹಳೆಯ ಪುಸ್ತಕವೊಂದನ್ನು ತೆಗೆದರು. ಹಾಲಿನವನ ಲೆಕ್ಕಕ್ಕೂ ನವರಾತ್ರಿಯ ಬೊಂಬೆಗಳ ಲೆಕ್ಕಕ್ಕೂ ನಡುವೆ ಬರೆದಿತ್ತು: ೨೦೦೯, ಗೇರ್ ಆಯಿಲ್. ಹದಿನಾರು ವರ್ಷ.

“ವಾಸನೆ ಪೂರ್ತಿ ಸುಟ್ಟಿಲ್ಲ,” ಎಂದರು ಭಾಯಿ. “ಕೆಂಪು ಇನ್ನೂ ಸ್ವಲ್ಪ ಉಳಿದಿದೆ. ಕೆಳಗಿನ ಬೋಲ್ಟು ಬಿಚ್ತೀನಿ. ಅದರ ತುದೀಲಿ ಅಯಸ್ಕಾಂತ ಇದೆ. ಅದಕ್ಕೆ ಬೂದಿ ಥರ ನಯವಾಗಿ ಅಂಟಿದ್ರೆ ವಯಸ್ಸಿಂದು, ಹೆದರಬೇಡಿ. ಚೂರು ಸಿಕ್ಕಿದ್ರೆ ಹಾಗೇ ಮುಚ್ಚಿ ಕೊಡ್ತೀನಿ, ಒಂದು ಪೈಸಾನೂ ಬೇಡ. ಓಡೋವಷ್ಟು ದಿನ ಓಡಿಸಿ.”

ರಾಯರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಬಿಚ್ಚದೆ ಹೋದರೆ ಗಾಡಿ ಇನ್ನೂ ಆರು ತಿಂಗಳೋ ವರ್ಷವೋ ಬಿಕ್ಕಳಿಸುತ್ತ ನಡೆಯುತ್ತದೆ. ಬಿಚ್ಚಿದರೆ ಬದುಕಬಹುದು, ಇಲ್ಲವೆ ಈ ಗಲ್ಲಿಯಲ್ಲಿಯೇ ನಿಲ್ಲಬಹುದು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಇತರರ ಸಾಲದ ಅರ್ಜಿಗಳ ಮೇಲೆ ತೀರ್ಪು ಕೊಟ್ಟವರಿಗೆ ಈ ಒಂದು ಅರ್ಜಿ ಕಠಿನವಾಯಿತು. ಕೊನೆಗೆ ಪತ್ನಿಯ ಮುಖ ನೋಡಿ, “ಏನು ಮಾಡೋಣ್ವೇ?” ಎಂದರು. ಆಕೆ, “ನಿಮ್ಮ ಗಾಡಿ, ನೀವು ಹೇಳಿ” ಎನ್ನಲಿಲ್ಲ. “ಬಿಚ್ಚಲಿ. ಒಳಗೇನಿದೆ ಅಂತ ತಿಳಿದುಕೊಂಡೇ ಇರೋಣ” ಎಂದರು.

ಬೋಲ್ಟು ಸಡಿಲವಾದೊಡನೆ ಹೊರಬಿದ್ದ ಎಣ್ಣೆ ಮೆಣಸಿನ ಕಷಾಯದ ಬಣ್ಣದ್ದಾಗಿತ್ತು. ಭಾಯಿ ಬೋಲ್ಟನ್ನು ಬಟ್ಟೆಯಲ್ಲಿ ಒರೆಸದೆ, ಬಿಸಿಲಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿದರು. ನೆನೆಸಿದ ವಿಭೂತಿಯಂಥ ಬೂದುಬಣ್ಣದ ಪದಾರ್ಥ ಬೆರಳಿಗೆ ಬಂತು. ಎರಡು ಬೆರಳುಗಳ ನಡುವೆ ತಿಕ್ಕಿದರು, ಚುಚ್ಚುವಂಥದೇನೂ ಇರಲಿಲ್ಲ. ರಾಯರೂ ಕೈಚಾಚಿ ಅದನ್ನು ತಿಕ್ಕಿ ನೋಡಿದರು. ಇಪ್ಪತ್ತೆರಡು ವರ್ಷದ ಸವೆತ ಒಂದು ಚಿಟಿಕೆಯಷ್ಟಿತ್ತು.

ಇಲ್ಲಿ ಲೆಕ್ಕದ ಒಂದು ಸ್ವಾರಸ್ಯವನ್ನು ಹೇಳಬೇಕು. ಈ ಗಾಡಿಯ ಗೇರ್‌ಬಾಕ್ಸಿನಲ್ಲಿ ಒಟ್ಟು ಸುಮಾರು ಆರು ಲೀಟರು ಎಣ್ಣೆ. ಬೋಲ್ಟು ಬಿಚ್ಚಿದರೆ ಹೊರಗೆ ಬರುವುದು ಮೂರು ಲೀಟರಿನ ಆಸುಪಾಸು ಮಾತ್ರ. ಉಳಿದುದು ಟಾರ್ಕ್ ಕನ್ವರ್ಟರಿನ ಹೊಟ್ಟೆಯಲ್ಲಿಯೂ ನಳಿಗೆಗಳಲ್ಲಿಯೂ ಅಡಗಿ ಕೂತಿರುತ್ತದೆ. ಮೂರು ಲೀಟರು ಹೊಸದನ್ನು ಸುರಿದು ಗಾಡಿಯನ್ನು ಓಡಿಸಿದರೆ ಎರಡೂ ಬೆರೆತು ಅರ್ಧ ಹೊಸದು, ಅರ್ಧ ಹಳೆಯದು ಆಗುತ್ತದೆ. ಮತ್ತೊಮ್ಮೆ ಮೂರು ಲೀಟರು ಇಳಿಸಿ ಸುರಿದರೆ ಹಳೆಯದು ಕಾಲುಭಾಗ. ಮೂರನೆಯ ಸಲಕ್ಕೆ ಎಂಟರಲ್ಲೊಂದು ಪಾಲು, ಎಂದರೆ ಮುಕ್ಕಾಲು ಲೀಟರು. ಎಷ್ಟು ಸಲ ಮಾಡಿದರೂ ಹಳೆಯದು ಪೂರ್ತಿಯಾಗಿ ಹೋಗುವುದಿಲ್ಲ. ಹಾಲಿಗೆ ನೀರು ಬೆರೆಸುವ ವಿದ್ಯೆಯನ್ನೇ ತಲೆಕೆಳಗು ಮಾಡಿದಂತೆ ಇದು. ಯಂತ್ರ ಹೂಡಿ ಒತ್ತಡದಿಂದ ಆರು ಲೀಟರನ್ನೂ ಒಂದೇ ಏಟಿಗೆ ತೊಳೆದುಹಾಕುವ ಕ್ರಮವೂ ಉಂಟು. ಭಾಯಿಗೆ ಅದು ಒಪ್ಪಿಗೆಯಿರಲಿಲ್ಲ. “ಕಾಲಕಾಲಕ್ಕೆ ಮಾಡಿಸಿದ ಗಾಡಿಗೆ ಅದು ಸರಿ ಸಾರ್. ಹದಿನಾರು ವರ್ಷ ಉಪವಾಸ ಇದ್ದದ್ದಕ್ಕೆ ಒಂದೇ ದಿನ ಊಟ ಹಾಕಬಾರದು. ಗಂಜಿ, ಆಮೇಲೆ ಅನ್ನ” ಎಂದರು. ಮೂರು ಸಲ ಬದಲಾವಣೆ. ನಡುವೆ ಇನ್ನೂರು ಇನ್ನೂರು ಕಿಲೋಮೀಟರು ಓಟ. ಎಣ್ಣೆಯಾದರೋ ಗಾಡಿಯ ಪುಸ್ತಕದಲ್ಲಿ ಬರೆದ ಪ್ರಮಾಣದ್ದೇ ಆಗಬೇಕು. ಕೆಂಪಗಿರುವುದೆಲ್ಲ ಒಂದೇ ಅಲ್ಲವೆಂದು ಅವರು ಒತ್ತಿ ಹೇಳಿದರು. ಇಳಿದುದನ್ನು ಗೀಟು ಹಾಕಿದ ಡಬ್ಬಿಯಲ್ಲಿ ಅಳೆದು ಅಷ್ಟನ್ನೇ ಸುರಿದರು. ಕಡಿಮೆಯಾದರೆ ಕ್ಲಚ್ಚು ಜಾರುತ್ತದೆ; ಹೆಚ್ಚಾದರೆ ಹಲ್ಲುಚಕ್ರಗಳು ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತವೆ, ನೊರೆಯಿಂದ ಒತ್ತಡ ಹುಟ್ಟುವುದಿಲ್ಲ.

ಇನ್ನೂರು ಕಿಲೋಮೀಟರು ಓಡಿಸಬೇಕಾದ ನಿಮಿತ್ತದಿಂದ ರಾಯರ ದಂಪತಿಗಳು ಆ ತಿಂಗಳು ಮಾಡಿದಷ್ಟು ಬಂಧುಸಂದರ್ಶನವನ್ನು ಹತ್ತು ವರ್ಷಗಳಲ್ಲಿ ಮಾಡಿರಲಿಲ್ಲ. ಶ್ರೀರಂಗಪಟ್ಟಣದ ಸೋದರತ್ತೆಯ ಮಗ, ಮಂಡ್ಯದ ಷಡ್ಡಕ, ಚಾಮರಾಜನಗರದ ಹಳೆಯ ಸಹೋದ್ಯೋಗಿ, ಎಲ್ಲರ ಮನೆಯ ಮುಂದೆಯೂ ಗಾಡಿ ನಿಂತಿತು. ಹೇಳದೆ ಕೇಳದೆ ಬಂದವರನ್ನು ಕಂಡು ಷಡ್ಡಕರಿಗೆ, ಇದು ಯಾವುದೋ ಮದುವೆಯ ಕರೆಯೋ ಸಾಲದ ಕರೆಯೋ ಎಂಬ ಅನುಮಾನ ಬಂತು. ಗೇರ್‌ಬಾಕ್ಸಿನ ಎಣ್ಣೆ ಬೆರೆಯಲೆಂದು ಬಂದೆವೆಂದು ಹೇಳಿದರೆ ಯಾರು ತಾನೇ ನಂಬುತ್ತಾರೆ? ಕಾಫಿ, ಉಪ್ಪಿಟ್ಟು, ತಾಂಬೂಲ ಎಲ್ಲವೂ ಆದುವು.

ಮೊದಲನೆಯ ಬದಲಾವಣೆಯಿಂದ ಗುಣವೇನೂ ಕಾಣಲಿಲ್ಲ. ಮೂರನೆಯ ದಿನ ಚಾಮರಾಜನಗರದ ರಸ್ತೆಯಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಇಂಜಿನ್ನು ಒಮ್ಮೆಗೇ ಅರಚಿ, ಗಾಡಿ ಮಾತ್ರ ಮುಂದೆ ಹೋಗಲೊಲ್ಲದಾಯಿತು. ಒಂದೇ ಒಂದು ಕ್ಷಣ, ಆಮೇಲೆ ಹಿಡಿಯಿತು. ರಾಯರು ರಸ್ತೆಯ ಬದಿಗೆ ನಿಲ್ಲಿಸಿ, ಚಕ್ರದ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತರು. ಆಲದ ಮರದ ಕೆಳಗೆ ಎಳನೀರಿನವನೊಬ್ಬನಿದ್ದ. ಪತ್ನಿ ಇಳಿದು ಎರಡು ಎಳನೀರು ಕೊಚ್ಚಿಸಿ ತಂದರು. ಕುಡಿದಾದ ಮೇಲೆ ಆಕೆ, “ಇದನ್ನ ಮಗುವಿಗೆ ಹೇಳೋದು ಬೇಡ” ಎಂದರು. ನಲವತ್ತೈದು ವರ್ಷದ ಮಗು ಆ ಹೊತ್ತಿಗೆ ಸಿಯಾಟಲ್‌ನಲ್ಲಿ ನಿದ್ರಿಸುತ್ತಿತ್ತು.

ಭಾಯಿಗೆ ಫೋನಿನಲ್ಲಿ ಹೇಳಿದಾಗ ಅವರು ಸಮಾಧಾನದ ಮಾತೇನೂ ಆಡಲಿಲ್ಲ. “ಒಂದು ಸಲ ಆದ್ರೆ ಕೊಳೆ ಎದ್ದಿರಬಹುದು. ದಿನಾ ಆದ್ರೆ ಬಿಲ್ಲೆ ಮುಗಿದಿದೆ ಅಂತ. ನಾಲ್ಕು ದಿನ ನೋಡಿ” ಎಂದರು. ಆ ನಾಲ್ಕು ದಿನ ರಾಯರು ಪ್ರತಿ ಸಲ ವೇಗ ಏರುವಾಗಲೂ ಉಸಿರು ಬಿಗಿಹಿಡಿದು ಕಿವಿಗೊಟ್ಟು ಕೂತಿರುತ್ತಿದ್ದರು. ಜಾರಲಿಲ್ಲ. ಎರಡನೆಯ ಬದಲಾವಣೆಗೆ ಇಳಿದ ಎಣ್ಣೆ ಕಾಫಿಯ ಡಿಕಾಕ್ಷನ್ನಿನಂತಿತ್ತು. ಬೋಲ್ಟಿನ ಮೇಲೆ ಬೂದಿ ಅರ್ಧಕ್ಕಿಂತ ಕಡಿಮೆ. ಅದಾದ ವಾರದೊಳಗೆ ಅರವತ್ತರ ವೇಗದಲ್ಲಿ ಗಾಡಿಗೆ ಬರುತ್ತಿದ್ದ ಸಣ್ಣ ನಡುಕ ನಿಂತಿತು. ನಡುಕ ಇತ್ತೆಂಬುದೇ ಅದು ನಿಂತ ಮೇಲೆ ಪತ್ನಿಗೆ ತಿಳಿಯಿತು. ಮೂರನೆಯ ಸಲ ಇಳಿದುದು ಟೊಮ್ಯಾಟೊ ಸಾರಿನ ತಿಳಿಯಂತೆ ಇತ್ತು.

ಹಳೆಯ ಎಣ್ಣೆ ಒಟ್ಟು ಒಂಬತ್ತು ಲೀಟರಾಯಿತು. ಪಕ್ಕದ ಮನೆಯವರು ಗೆದ್ದಲು ಹಿಡಿದ ಗೇಟಿನ ಕಂಬಕ್ಕೆ ಬಳಿಯಲು ಎರಡು ಲೀಟರು ಬೇಕೆಂದು ಮೊದಲೇ ಹೇಳಿಟ್ಟಿದ್ದರು. ಭಾಯಿ ಕೊಡಲಿಲ್ಲ. ಬಳಸಿದ ಎಣ್ಣೆ ಚರಂಡಿಗೂ ಬೀಳಬಾರದು, ಮಣ್ಣಿಗೂ ಇಳಿಯಬಾರದು. ಪರವಾನಗಿಯಿದ್ದವರು ಬಂದು ಪೀಪಾಯಿ ಎತ್ತಿಕೊಂಡು ಹೋಗಿ ಮತ್ತೆ ಶುದ್ಧಿ ಮಾಡುತ್ತಾರೆಂದರು. ನೆರೆಯವರಿಗೆ ಇದರಿಂದ ಸ್ವಲ್ಪ ಬೇಸರವಾಯಿತು; ಗೆದ್ದಲಿಗೆ ಆಗಲಿಲ್ಲ.

ಗಾಡಿ ಹೊಸದಾಯಿತೆಂದು ಹೇಳುವಂತಿಲ್ಲ. ಬೆಳಗಿನ ಚಳಿಯಲ್ಲಿ ‘ಡಿ’ಗೆ ಹಾಕಿದರೆ ಈಗಲೂ ಅರ್ಧ ಕ್ಷಣ ಯೋಚಿಸಿಯೇ ಹೊರಡುತ್ತದೆ. ಒಳಗಿನ ರಬ್ಬರಿನ ಸೀಲುಗಳು ವಯಸ್ಸಿನಿಂದ ಗಟ್ಟಿಯಾಗಿರುತ್ತವೆ, ಬಿಸಿಯಾಗಿ ಮೆತ್ತಗಾಗುವ ತನಕ ಒತ್ತಡ ಸೋರುತ್ತದೆ, ಇದಕ್ಕೆ ಎಣ್ಣೆಯಲ್ಲಿ ಮದ್ದಿಲ್ಲವೆಂದು ಭಾಯಿ ಮುಚ್ಚುಮರೆಯಿಲ್ಲದೆ ಹೇಳಿದರು. ಹೊರಡುವ ಮುನ್ನ ಎರಡು ನಿಮಿಷ ಇಂಜಿನ್ನು ಓಡಲಿ, ಬೆಟ್ಟ ಹತ್ತುವಾಗ ಏ.ಸಿ. ಬೇಡ, ಇಳಿಯುವಾಗ ಹಿಡಿಯನ್ನು ‘ಎರಡ’ಕ್ಕೆ ತನ್ನಿ, ಮೂವತ್ತು ಸಾವಿರ ಕಿಲೋಮೀಟರಿಗೆ ಮತ್ತೆ ಬನ್ನಿ ಎಂದರು. ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರು ಓಡಿಸುವ ರಾಯರು ಮನಸ್ಸಿನಲ್ಲಿಯೇ ಭಾಗಾಕಾರ ಮಾಡಿ ನಕ್ಕರು. ಗಾಡಿಯ ನೋಂದಣಿ ಹದಿನೈದು ವರ್ಷ ತುಂಬಿದ ೨೦೧೮ರಲ್ಲಿ ಒಮ್ಮೆ, ೨೦೨೩ರಲ್ಲಿ ಒಮ್ಮೆ ನವೀಕರಣವಾಗಿತ್ತು. ಇನ್ನು ೨೦೨೮ರಲ್ಲಿ ಇನ್‌ಸ್ಪೆಕ್ಟರ ಮುಂದೆ ನಿಲ್ಲಬೇಕು. ಅಲ್ಲಿಯವರೆಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮಗ ಫೋನು ಮಾಡಿ ಎಷ್ಟಾಯಿತೆಂದು ಕೇಳಿದ. “ಒಂಬತ್ತು ಸಾವಿರದ ನಾನೂರೈವತ್ತು,” ಎಂದು ಪತ್ನಿ ಪುಸ್ತಕ ನೋಡಿ ಹೇಳ

ಿದರು, ಅದರಲ್ಲಿ ಮೂರು ಸಲ ಹೊಸದಾಗಿ ಹಾಕಿದ ಬೋಲ್ಟಿನ ವಾಷರಿನ ಲೆಕ್ಕವೂ ಸೇರಿತ್ತು. “ಷಡ್ಡಕರ ಮನೆಗೆ ತಗೊಂಡು ಹೋದ ಹಣ್ಣಿನ ಲೆಕ್ಕ ಬೇರೆ ಕಣೋ.”

ಆ ಶನಿವಾರ ಇಬ್ಬರೂ ನಂಜನಗೂಡಿಗೆ ಹೊರಟರು. ಕಪಿಲೆಯಲ್ಲಿ ನೀರು ಏರಿದ್ದುದರಿಂದ ಪೊಲೀಸಿನವರು ಸ್ನಾನಘಟ್ಟದ ಕಡೆಗೆ ಯಾರನ್ನೂ ಬಿಡುತ್ತಿರಲಿಲ್ಲ. ದೂರದಿಂದಲೇ ಹೊಳೆಯನ್ನು ನೋಡಿ, ದೇವರ ದರ್ಶನ ಮಾಡಿಕೊಂಡು, ರಸಬಾಳೆ ಸಿಕ್ಕೀತೇ ಎಂದು ಎರಡು ಅಂಗಡಿಗಳಲ್ಲಿ ವಿಚಾರಿಸಿ, ಹನ್ನೊಂದು ಗಂಟೆಯ ಹೊತ್ತಿಗೆ ಮನೆಗೆ ಬಂದರು.